ಹಗುರಾದ ಗದೆ

ಬಯಲಾಟದ ಭೀಮನ ಗದೆ ನೋಡುವವರಿಗೆ ಭಾರ, ಹೊರುವವನಿಗೆ ಹಗುರ. ಇಂಥ ಪರಿಕರ ಮಾಡುವ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರ ಮರ ಕೆತ್ತಿ, ಸೆಣಬಿನ ಚಿಂದಿ, ಮರದ ಹುಡಿ, ಹುಣಸೆಬೀಜದ ಅಂಟು ಕಲಸಿದ ‘ಕಿಟ್ಟ’ದಿಂದ ಕೀಲು ಬೆಸೆದು ಬಣ್ಣ ಹಚ್ಚುತ್ತಾರೆ. ರಂಗಪರಿಕರಕ್ಕೂ ಬೇಕಾದದ್ದು ಇದೇ ಜಾಣ್ಮೆ. 1985ರಿಂದ ಊರೂರು ಸುತ್ತುವ ನೀನಾಸಂ ತಿರುಗಾಟದಂಥ ನಾಟಕ ತಂಡಕ್ಕೆ ವಿದ್ಯಾರ್ಥಿಯೊಬ್ಬ ಕತ್ತಿಯೋ ಕಿರೀಟವೋ ಮಾಡಿಕೊಟ್ಟರೆ, ಅದು ಪ್ರಯಾಣದ ಕುಲುಕಾಟ ತಾಳಬೇಕು, ಕತ್ತಲಲ್ಲೂ ಥಟ್ಟನೆ ಕೈಗೆ ಸಿಗಬೇಕು, ಕೊನೆಯ ಸಾಲಿನವರಿಗೂ ಕಾಣಬೇಕು. ಇಷ್ಟು ಕಠಿಣ ಪರೀಕ್ಷೆಯನ್ನು ಯಾವ ಕಾಲೇಜು ಕೊಟ್ಟೀತು?

‘ರಂಗತಂಡಕ್ಕೆ ಪರಿಕರ ಮಾಡುವುದು ಬಿಟ್ಟಿ ಚಾಕರಿ, ನೌಕರಿ ಎಲ್ಲಿದೆ?’ ಎಂಬ ಪಾಲಕರ ಆತಂಕ ಸುಳ್ಳಲ್ಲ. ಭತ್ಯೆ ಕೊಡದೆ ದುಡಿಸಿಕೊಂಡರೆ ಅದು ಶೋಷಣೆಯೇ. ಆದರೆ ಅಲ್ಲಿ ಕಲಿಯುವ ಪಾಠಗಳು, ಅಂದರೆ ಅಳತೆ ತಪ್ಪದಿರುವುದು, ಸಾಮಾನು ಪೋಲು ಮಾಡದಿರುವುದು, ಹೇಳಿದ ದಿನಕ್ಕೆ ಮುಗಿಸುವುದು ಬಡಗಿಗೂ ಬೇಕು, ಎಂಜಿನಿಯರನಿಗೂ ಬೇಕು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಕಾಲೇಜುಗಳು ಆಸಕ್ತ ಮಕ್ಕಳನ್ನು ಒಂದೆರಡು ತಿಂಗಳು ವೃತ್ತಿಪರ ರಂಗತಂಡಗಳಿಗೆ ಕಳಿಸಲಿ. ಊಟ, ವಸತಿ, ಭತ್ಯೆಯ ಜೊತೆಗೆ ಅಂಕವೂ ಸಿಗಲಿ. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಮುಂದಿನ ನಾಟಕ ನೋಡುವಾಗ, ಪರಿಕರ ಮಾಡಿದ ಕೈಗಳಿಗೂ ಒಂದು ಚಪ್ಪಾಳೆ ತಟ್ಟಿ.