ಐಸ್‌ಕ್ರೀಮಿನ ಖಾತೆ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತವರು ಪಂಪನನ್ನು ಕುರಿತು ಮಾತನಾಡಿದ್ದಾರೆ, ವಚನಕಾರರನ್ನು ಕುರಿತು ಮಾತನಾಡಿದ್ದಾರೆ, ನೃಪತುಂಗನ ಕಾಲದ ಕನ್ನಡ ನಾಡಿನ ಎಲ್ಲೆಗಳನ್ನು ನಮಗೆ ತೋರಿಸಿಕೊಟ್ಟಿದ್ದಾರೆ. ಅಂಥ ಸ್ಥಳದಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ ಎದ್ದು ನಿಂತು, "ನಾನು ಐಸ್‌ಕ್ರೀಮನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ" ಎಂದರೆ ತಾವು ನಗುವುದು ಸಹಜವೇ. ಆದರೆ ತಪ್ಪು ನನ್ನದಲ್ಲ. ನಮ್ಮ ಕಾರ್ಯದರ್ಶಿಗಳು, "ನಿಮಗೆ ಗೊತ್ತಿರುವ ವಿಷಯವನ್ನೇ ಮಾತಾಡಿ" ಎಂದು ಅಪ್ಪಣೆ ಮಾಡಿದರು. ನನಗೆ ಗೊತ್ತಿರುವುದು ಎರಡೇ ವಿಷಯ: ಒಂದು ಲೆಕ್ಕ ಬರೆಯುವುದು, ಇನ್ನೊಂದು ಐಸ್‌ಕ್ರೀಮು ತಿನ್ನುವುದು. ಎರಡನ್ನೂ ಕೂಡಿಸಿಕೊಂಡು ಬಂದಿದ್ದೇನೆ. ನಾನು ಓದಿದ್ದು ಬಿ.ಕಾಂ.; ವೈದ್ಯನಲ್ಲ. ಆದುದರಿಂದ ನನ್ನ ಮಾತನ್ನು ಔಷಧದ ಚೀಟಿಯೆಂದು ತಿಳಿಯದೆ, ಒಂದು ಮನೆಯ ಜಮಾ-ಖರ್ಚಿನ ಪುಸ್ತಕವೆಂದು ತಿಳಿಯಬೇಕೆಂದು ಅರಿಕೆ.

ಎರಡು ವರ್ಷದ ಕೆಳಗೆ ನಮ್ಮ ತಂದೆಯವರು ಕಲಬುರ್ಗಿಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಇಲ್ಲಿಗೆ ಬಂದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಬಂದ ದಿನವೇ ನಾನು ಮನೆಯಲ್ಲಿ ಒಂದು ಕಾಯಿದೆ ಜಾರಿ ಮಾಡಿದೆ: ಅಪ್ಪನಿಗೆ ಸಕ್ಕರೆ ಇಲ್ಲದ ಚಹ, ಹೋಳಿಗೆ ಇಲ್ಲ, ಹುಗ್ಗಿ ಇಲ್ಲ, ಐಸ್‌ಕ್ರೀಮಿನ ಹೆಸರೂ ಇಲ್ಲ. ಬ್ಯಾಂಕಿನಲ್ಲಿ ಮೇಲಿನವರ ಮಾತು ಕೇಳಿ ಕೇಳಿ ಬೇಸತ್ತವನಿಗೆ ಮನೆಯಲ್ಲಾದರೂ ಒಂದು ಕಾಯಿದೆ ಮಾಡುವ ಅಧಿಕಾರ ಸಿಕ್ಕಿತಲ್ಲಾ ಎಂಬ ಸಂತೋಷವೂ ಅದರಲ್ಲಿ ಸ್ವಲ್ಪ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಎಂಟು ವರ್ಷದ ಮಗಳಿಗಾಗಿ ಮಾತ್ರ ಒಂದು ದೊಡ್ಡ ಐಸ್‌ಕ್ರೀಮಿನ ಡಬ್ಬಿ ಫ್ರಿಜ್ಜಿನಲ್ಲಿ ಇರುತ್ತಿತ್ತು.

ಒಂದು ರಾತ್ರಿ ನೀರು ಕುಡಿಯಲೆಂದು ಎದ್ದೆ. ಅಡಿಗೆಮನೆಯಲ್ಲಿ ದೀಪವಿಲ್ಲ, ಫ್ರಿಜ್ಜಿನ ಬೆಳಕು ಮಾತ್ರ. ಆ ಬೆಳಕಿನಲ್ಲಿ ನಮ್ಮ ತಂದೆ ನೆಲದ ಮೇಲೆ ಕೂತು ಡಬ್ಬಿಯಿಂದ ಚಮಚದಲ್ಲಿ ತಿನ್ನುತ್ತಿದ್ದರು. ಪಕ್ಕದಲ್ಲಿ ನನ್ನ ಮಗಳು ಕಾವಲಿಗೆ ನಿಂತಿದ್ದಳು. ನನ್ನನ್ನು ಕಂಡೊಡನೆ ಅವಳು, "ಅಪ್ಪಾ, ಮುತ್ಯಾಗ ಬೈಬ್ಯಾಡ. ನಾನೇ ಕೊಟ್ಟೀನಿ" ಎಂದಳು.

"ಅಪ್ಪಾ, ನನ್ನ ಕೇಳಬಾರದಿತ್ತೇನು?" ಎಂದೆ.

ತಂದೆಯವರು ಚಮಚವನ್ನು ಕೆಳಗಿಟ್ಟು, "ಕೇಳಿದ್ರ ನೀ ಕೊಡ್ತಿದ್ದಿಲ್ಲ. ಅದಕ್ಕ ಕೇಳಲಿಲ್ಲಪಾ" ಎಂದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೂವತ್ತೈದು ವರ್ಷ ಹೊಲ, ಮನೆ, ಮಕ್ಕಳ ಓದು ಎಲ್ಲವನ್ನೂ ನೋಡಿಕೊಂಡ ಮನುಷ್ಯ ಮಗನ ಮನೆಯಲ್ಲಿ ಕತ್ತಲಲ್ಲಿ ಕೂತು ತಿನ್ನುವಂತೆ ಮಾಡಿದವನು ನಾನು. ಅಷ್ಟಾಗಿಯೂ ನನ್ನ ಕಾಯಿದೆಯಿಂದ ಅವರ ಸಕ್ಕರೆ ಇಳಿದಿತ್ತೇ? ಇಲ್ಲ. ಕದ್ದು ತಿಂದದ್ದಕ್ಕೆ ಅಳತೆ ಎಲ್ಲಿಯದು?

ಮರುತಿಂಗಳು ಬ್ಯಾಂಕಿನಲ್ಲಿ ನಮಗೆಲ್ಲ ಆರೋಗ್ಯ ತಪಾಸಣೆ ನಡೆಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ನನಗೆ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಅದು ಕಾಯಿಲೆಯ ಹೊಸ್ತಿಲು ಎಂದು ವೈದ್ಯರು ತಿಳಿಸಿದರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ, ಹೊಸ್ತಿಲಿನ ಮೇಲೆ ನಿಂತವರು ಸುಮಾರು 13.6 ಕೋಟಿ. ಆ ಎರಡನೆಯ ಸಾಲಿನಲ್ಲಿ ನನ್ನದೂ ಒಂದು ತಲೆ. ಮನೆಗೆ ಬಂದು ಹೇಳಿದಾಗ ತಂದೆಯವರು ನಕ್ಕು, "ಇನ್ನ ನಿನ್ನ ಕಾಯಿದೆ ನಿನಗೂ ಹತ್ತತದ ನೋಡಪಾ" ಎಂದರು.

ಗುಮಾಸ್ತನಿಗೆ ಕಷ್ಟ ಬಂದರೆ ದೇವರ ನೆನಪಿಗಿಂತ ಮೊದಲು ಪುಸ್ತಕದ ನೆನಪಾಗುತ್ತದೆ. ಒಂದು ತಿಂಗಳು ನನ್ನ ಬಾಯಿಗೆ ಹೋದ ಸಕ್ಕರೆಯನ್ನೆಲ್ಲ ಬರೆದಿಟ್ಟೆ. ಬ್ಯಾಂಕಿನಲ್ಲೂ ಮನೆಯಲ್ಲೂ ಸೇರಿ ದಿನಕ್ಕೆ ನಾಲ್ಕು ಚಹ. ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ 1200 ಗ್ರಾಂ. ಚಹದ ಜೊತೆ ತಿಂದ ಉಸ್ಮಾನಿಯಾ ಬಿಸ್ಕತ್ತಿನ ಲೆಕ್ಕ ಬೇರೆ. ಇನ್ನು ಐಸ್‌ಕ್ರೀಮು: ತಿಂಗಳಲ್ಲಿ ಎರಡು ಬಟ್ಟಲು. ನೂರು ಗ್ರಾಂ ಐಸ್‌ಕ್ರೀಮಿನಲ್ಲಿ ಸುಮಾರು 20 ಗ್ರಾಂ ಸಕ್ಕರೆಯೆಂದು ಧಾರಾಳವಾಗಿ ಹಿಡಿದರೂ ಎರಡು ಬಟ್ಟಲಿಗೆ 40 ಗ್ರಾಂ.

ಬಂಧುಗಳೇ, ಎರಡು ಸಲ ಕೂಡಿ ನೋಡಿದೆ, ಲೆಕ್ಕ ತಪ್ಪಿರಲಿಲ್ಲ. ಒಂದು ತಿಂಗಳ ಐಸ್‌ಕ್ರೀಮಿನ ಸಕ್ಕರೆ ನನ್ನ ಒಂದು ದಿನದ ಚಹದ ಸಕ್ಕರೆಗೆ ಸಮ! ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಂಥ ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವನಿಗೆ ಹತ್ತೆಂದರೆ 50 ಗ್ರಾಂ, ಐದೆಂದರೆ 25 ಗ್ರಾಂ. ನನ್ನ ಚಹವೊಂದೇ ಆ ಇಪ್ಪತ್ತೈದನ್ನು ದಾಟಿ ಹೋಗಿತ್ತು. ಕಳ್ಳನನ್ನು ಹಿತ್ತಲಲ್ಲಿ ಹುಡುಕುತ್ತಿದ್ದೆ. ಅವನು ದಿನಕ್ಕೆ ನಾಲ್ಕು ಸಲ ಮುಂಬಾಗಿಲಿನಿಂದಲೇ ಬಂದು ಹೋಗುತ್ತಿದ್ದ.

ಹಾಗೆಂದು ಐಸ್‌ಕ್ರೀಮು ಪಥ್ಯವೆಂದು ನಾನು ಹೇಳಲಾರೆ. ಅದರಲ್ಲಿ ಸಕ್ಕರೆಯ ಜೊತೆಗೆ ಕೆನೆಯ ಕೊಬ್ಬೂ ಉಂಟು. ಅಲ್ಲದೆ ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆದುದರಿಂದ ಮಾಡುವವರು ಸಕ್ಕರೆಯನ್ನು ಹೆಚ್ಚೇ ಹಾಕಬೇಕಾಗುತ್ತದೆ. ಕರಗಿಹೋದ ಐಸ್‌ಕ್ರೀಮನ್ನು ಒಮ್ಮೆ ಕುಡಿದು ನೋಡಿದರೆ ಈ ಮಾತಿನ ನಿಜ ತಿಳಿಯುತ್ತದೆ.

ಡಬ್ಬಿಯ ಮೇಲಿನ ಬರಹವನ್ನೂ ಓದಲು ಕಲಿತೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಬರಿಯ 'ಐಸ್‌ಕ್ರೀಮ್' ಎಂದು ಕರೆಯಬೇಕಾದರೆ ಅದರಲ್ಲಿ ನೂರಕ್ಕೆ ಹತ್ತರಷ್ಟಾದರೂ ಹಾಲಿನ ಕೊಬ್ಬಿರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಸೇರಿದ್ದರೆ ಅದರ ಹೆಸರು 'ಫ್ರೋಜನ್ ಡೆಸರ್ಟ್'. ಎರಡೂ ಅಂಗಡಿಯ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಣ್ಣದ ಉಡುಗೆ ತೊಟ್ಟು ಮಲಗಿರುತ್ತವೆ. ಹೆಸರು ಓದಿದವನಿಗೆ ಮಾತ್ರ ಭೇದ ತಿಳಿಯುತ್ತದೆ. ಇನ್ನೊಂದು ಸೋಜಿಗವುಂಟು. ಐಸ್‌ಕ್ರೀಮು ಮಾರುವುದು ಹೆಚ್ಚಾಗಿ ತೂಕದಿಂದಲ್ಲ, ಅಳತೆಯಿಂದ. ಒಂದು ಲೀಟರ್ ಐಸ್‌ಕ್ರೀಮು 525 ಗ್ರಾಂ ತೂಗಿದರೂ ನಿಯಮಕ್ಕೆ ಸಾಕು. ಉಳಿದುದು ಕಡೆಯುವಾಗ ಸೇರಿದ ಗಾಳಿ. ಗಾಳಿಯಿಲ್ಲದಿದ್ದರೆ ಅದು ಕಲ್ಲಿನಂತಾಗುತ್ತದೆ, ನಿಜ. ಆದರೆ ಗಟ್ಟಿ ಕಡೆದ ಒಂದು ಬಟ್ಟಲೂ ಗಾಳಿ ತುಂಬಿದ ಒಂದು ಬಟ್ಟಲೂ ಹೊಟ್ಟೆಯ ಲೆಕ್ಕದಲ್ಲಿ ಒಂದೇ ಅಲ್ಲ. 'ಸಕ್ಕರೆ ಸೇರಿಸಿಲ್ಲ' ಎಂದು ಬರೆದ ಡಬ್ಬಿಯಲ್ಲಿಯೂ ಹಾಲಿನ ಸಹಜ ಸಕ್ಕರೆ ಇದ್ದೇ ಇರುತ್ತದೆ, ಕೊಬ್ಬೂ ಇರುತ್ತದೆ. ಹಾಗೆ ಬರೆದಿದೆಯೆಂದು ಒಂದರ ಬದಲು ಮೂರು ಬಟ್ಟಲು ತಿಂದವನಿಗೆ ಆ ಬರಹ ರಕ್ಷೆ ಕೊಡಲಾರದು.

ಈ ವಿದ್ಯೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ತಾರ್ನಾಕಾದಲ್ಲಿಯೇ ಇದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಚಿಕ್ಕದಾಗಿ ಆರಂಭವಾದ ಆ ಕೆಲಸ 1958ರಲ್ಲಿ ಹೈದರಾಬಾದಿಗೆ ಬಂದಿತು. 2024ರಲ್ಲಿ ಅವರು ಭಾರತೀಯರ ಆಹಾರಕ್ಕೆ 17 ಸೂತ್ರಗಳನ್ನು ಹೊರಡಿಸಿದರು. ಪೊಟ್ಟಣದ ಮೇಲಿನ ವಿವರ ಓದಿ ಕೊಳ್ಳಿರಿ ಎಂಬುದೂ ಅವುಗಳಲ್ಲಿ ಒಂದು. ಚೆಕ್ಕಿನ ಮೇಲಿನ ಸಹಿಯನ್ನು ಎರಡು ಸಲ ನೋಡುವ ನನ್ನಂಥವನು ಬಾಯಿಗೆ ಹಾಕುವ ಪದಾರ್ಥದ ಚೀಟಿಯನ್ನು ಒಂದು ಸಲವೂ ನೋಡಿರಲಿಲ್ಲವೆಂಬುದು ನಾಚಿಕೆಯ ಸಂಗತಿ.

ನಮ್ಮ ಸಂಘದ ಹಿರಿಯರೊಬ್ಬರು, "ಈ ಐಸ್‌ಕ್ರೀಮು ಗೀಸ್‌ಕ್ರೀಮು ಎಲ್ಲ ಪರದೇಶದ ಚಟ, ಬಿಟ್ಟುಬಿಟ್ಟರಾಯಿತು" ಎಂದರು. ವಿನಯದಿಂದ ಹೇಳುತ್ತೇನೆ, ಅದು ಈಗ ನಮ್ಮದೇ ಆಗಿದೆ. ಮಂಗಳೂರು-ಉಡುಪಿಯ ಕಡೆ 'ಗಡ್‌ಬಡ್' ತಿನ್ನದೆ ಊರಿಗೆ ಮರಳಿದ ನೆಂಟನುಂಟೇ? ಮೂಲ್ಕಿಯ ಕಡೆಯ ಒಬ್ಬ ಹಣ್ಣಿನ ವ್ಯಾಪಾರಿಯ ಮಗ, ರಘುನಂದನ ಶ್ರೀನಿವಾಸ ಕಾಮತರು, ಮುಂಬಯಿಗೆ ಹೋಗಿ 1984ರಲ್ಲಿ ಜುಹುವಿನಲ್ಲಿ ಅಂಗಡಿ ತೆರೆದು ಹಣ್ಣಿನ ಐಸ್‌ಕ್ರೀಮಿಗೆ 'ನ್ಯಾಚುರಲ್ಸ್' ಎಂಬ ಹೆಸರು ತಂದರು. 2024ರಲ್ಲಿ ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಊರು ಬಿಟ್ಟು ಬಂದ ಕನ್ನಡಿಗನೊಬ್ಬ ತಂದೆಯ ಹತ್ತಿರ ಕಲಿತ ಹಣ್ಣು ಆರಿಸುವ ವಿದ್ಯೆಯಿಂದ ಬದುಕು ಕಟ್ಟಿದನೆಂಬುದು ನಮ್ಮಂಥ ವಲಸೆಯ ಕುಟುಂಬಗಳಿಗೆ ಸಣ್ಣ ಮಾತಲ್ಲ.

ನಮ್ಮ ತಂದೆಯವರಿಗೂ ಐಸ್‌ಕ್ರೀಮೆಂದರೆ ತಂದೆಯ ನೆನಪೇ. ಆ ರಾತ್ರಿಯಾದ ಮೇಲೆ ಒಂದು ದಿನ ಅವರೇ ಹೇಳಿದರು. ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಅಜ್ಜ ತೊಗರಿ ವ್ಯಾಪಾರದ ಕೆಲಸಕ್ಕೆ ಹೈದರಾಬಾದಿಗೆ ಬರುವಾಗ ಹತ್ತು ವರ್ಷದ ಮಗನನ್ನೂ ಕರೆತಂದಿದ್ದರು. ಹಣ ಕೈಸೇರಿದ ಸಂಜೆ ಮೊಜಂಜಾಹಿ ಮಾರ್ಕೆಟ್ಟಿನಲ್ಲಿ ಮಗನಿಗೆ ಒಂದು ಬಟ್ಟಲು ಸೀತಾಫಲದ ಐಸ್‌ಕ್ರೀಮು ಕೊಡಿಸಿದರು. ತಾವು ತಿನ್ನದೆ ನೋಡುತ್ತ ಕೂತರು. "ನಮ್ಮಪ್ಪ ನನಗ ಕೊಡಿಸಿದ್ದು ಅದೊಂದ ಸಲ" ಎಂದರು. ನಾನು ನಿಷೇಧಿಸಿದ್ದು ಬರಿಯ ಸಕ್ಕರೆಯನ್ನಲ್ಲವೆಂದು ಆಗ ತಿಳಿಯಿತು.

ಆಮೇಲೆ ತಂದೆಯವರ ವೈದ್ಯರ ಹತ್ತಿರ ಮೂವರೂ ಹೋಗಿ ಮುಚ್ಚುಮರೆಯಿಲ್ಲದೆ ಕೇಳಿದೆವು. ಅವರು, ಸಕ್ಕರೆ ಹತೋಟಿಯಲ್ಲಿದ್ದರೆ ತಿಂಗಳಿಗೊಮ್ಮೆ ಅರ್ಧ ಬಟ್ಟಲು ತಿನ್ನಲಿ, ಆ ಹೊತ್ತಿನ ಊಟದಲ್ಲಿ ಅನ್ನ ಬಿಡಲಿ, ಗುಳಿಗೆ ತಪ್ಪಿಸದಿರಲಿ ಎಂದರು. ಇದು ಅವರಿಗೆ ಹೇಳಿದ ಮಾತು. ತಮ್ಮ ತಮ್ಮ ಮನೆಯ ಹಿರಿಯರಿಗೆ ಎಷ್ಟೆಂಬುದನ್ನು ತಾವು ತಮ್ಮ ವೈದ್ಯರನ್ನೇ ಕೇಳಬೇಕು.

ಈಗ ನಮ್ಮ ಮನೆಯ ಕಾಯಿದೆ ಬದಲಾಗಿದೆ. ಫ್ರಿಜ್ಜಿನಲ್ಲಿ ದೊಡ್ಡ ಡಬ್ಬಿ ಇಲ್ಲ. ಕೈಗೆ ಸಿಗುವಂತಿದ್ದರೆ ಹಬ್ಬ ಅಭ್ಯಾಸವಾಗಿ ಬಿಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮಿನ ಮೇಲಿನ ತೆರಿಗೆ ನೂರಕ್ಕೆ 18ರಿಂದ 5ಕ್ಕೆ ಇಳಿದಾಗ ಮಗಳು ಅರ್ಜಿ ಹಾಕಿದಳು. ತೆರಿಗೆ ಇಳಿದರೂ ಸಕ್ಕರೆ ಇಳಿದಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಲಾಯಿತು. ನನ್ನ ಚಹ ನಾಲ್ಕರಿಂದ ಎರಡಾಯಿತು. ಎರಡಕ್ಕೂ ಸಕ್ಕರೆ ಇಲ್ಲ. ಮೊದಲ ಹದಿನೈದು ದಿನ ಕಷಾಯ ಕುಡಿದಂತಾಯಿತು. ಈಗ ಯಾರಾದರೂ ಸಕ್ಕರೆ ಹಾಕಿ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ. ಆರು ತಿಂಗಳ ಮೇಲೆ ನನ್ನ 6.1 ಇಳಿದು 5.8 ಆಗಿದೆ. ಹೊಸ್ತಿಲಿನಿಂದ ಪೂರ್ತಿ ಕೆಳಗಿಳಿದಿಲ್ಲ, ಆದರೆ ಮುಖ ಹೊರಗಡೆಗೆ ತಿರುಗಿದೆ. ತಂದೆಯವರ ಸಕ್ಕರೆಯೂ ಏರಿಲ್ಲ.

ತಿಂಗಳ ಮೊದಲ ಭಾನುವಾರ ನಾವು ನಾಲ್ವರೂ ಮೊಜಂಜಾಹಿ ಮಾರ್ಕೆಟ್ಟಿಗೆ ಹೋಗುತ್ತೇವೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1935ರಲ್ಲಿ ಕಟ್ಟಿ ಅವರ ಎರಡನೆಯ ಮಗನ ಹೆಸರಿಟ್ಟ ಆ ಕಲ್ಲಿನ ಮಾರುಕಟ್ಟೆ ಜೀರ್ಣವಾಗಿ ಹೋಗಿತ್ತು; ದುರಸ್ತಿಯಾಗಿ 2020ರಲ್ಲಿ ಮತ್ತೆ ತೆರೆಯಿತು. ಗಡಿಯಾರದ ಗೋಪುರದ ಕೆಳಗಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತೇವೆ. ಈಗ ಸೀತಾಫಲದ ಕಾಲ. ಪಾಲಮೂರಿನ ಕಡೆಯ ಬಾಲಾನಗರದ ಹೆಸರಿನ ಸೀತಾಫಲ ದೇಶಕ್ಕೆಲ್ಲ ಪ್ರಸಿದ್ಧವಲ್ಲವೇ? ಎರಡು ಬಟ್ಟಲು ತರಿಸಿ ನಾಲ್ಕು ಚಮಚ ಕೇಳುತ್ತೇವೆ. ತಂದೆಯವರು ಮೊಮ್ಮಗಳ ಜೊತೆ ಒಂದು ಬಟ್ಟಲನ್ನು ಹಂಚಿಕೊಂಡು, ಸ್ವಲ್ಪ ಕರಗಲು ಬಿಟ್ಟು, ಬೀಜ ಸಿಕ್ಕಿತೇನೋ ಎಂದು ನಾಲಗೆಯಲ್ಲಿ ಹುಡುಕುತ್ತ ನಿಧಾನವಾಗಿ ತಿನ್ನುತ್ತಾರೆ. ಕದ್ದು ತಿನ್ನುವಾಗ ಇಷ್ಟು ನಿಧಾನವಿರಲಿಲ್ಲ.

ಮಹನೀಯರೇ, ನಾನು ಹೇಳಬೇಕಾದುದು ಇಷ್ಟೇ. ದಿನದ ಸಕ್ಕರೆಗೆ ಲೆಕ್ಕವಿರಲಿ. ಹಬ್ಬದ ಸಿಹಿಗೆ ಅಳತೆಯಿರಲಿ, ಆದರೆ ಅವಮಾನ ಬೇಡ. ಹಿರಿಯರ ಬಾಯಿಗೆ ಬೀಗ ಹಾಕುವ ಮೊದಲು ನಮ್ಮ ಚಹದ ಲೋಟವನ್ನು ಒಮ್ಮೆ ತೂಗಿ ನೋಡೋಣ. ಬಚ್ಚಿಟ್ಟು ತಿಂದದ್ದು ಖಾತೆಗೆ ಸೇರುವುದಿಲ್ಲ, ದೇಹಕ್ಕೆ ಮಾತ್ರ ಸೇರುತ್ತದೆ. ಎಲ್ಲರ ಮುಂದೆ ತಿಂದದ್ದು ಎರಡಕ್ಕೂ ಸೇರುತ್ತದೆ.

 ಮಾತು ಮುಗಿದ ಮೇಲೆ ಚಹ ಇದೆಯೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಸಕ್ಕರೆ ಬೇರೆ ಇಟ್ಟಿರಬೇಕೆಂದು ನಾನು ಮೊದಲೇ ವಿನಂತಿಸಿಕೊಂಡಿದ್ದೇನೆ.

ಸಿರಿಗನ್ನಡಂ ಗೆಲ್ಗೆ.