ಜೀರ್ಣೋದ್ಧಾರವಾದ ಜಟ್ಟಿ

ಅಮೆರಿಕದಲ್ಲಿ ಹಳೆಯ ಮೋಟಾರುಗಳನ್ನು ಮಾರುವವರು ಬಳಸುವ ಮಾತಿಗೆ ಅದರದೇ ಆದ ಒಂದು ಪರಿಭಾಷೆಯಿದೆ. ಪೂರ್ತಿ ಜೀರ್ಣೋದ್ಧಾರವಾಗಿದೆ, ಚೌಕಟ್ಟಿನಿಂದ ಮೈಯನ್ನು ಬೇರ್ಪಡಿಸಿ ಕೆಲಸ ಮಾಡಿದೆ, ಸಂಖ್ಯೆಗಳು ತಾಳೆಯಾಗುತ್ತವೆ, ಕಾಗದಪತ್ರಗಳಿವೆ. ಇಷ್ಟನ್ನು ಹೇಳಿ ಮೇಲೊಂದು ಚಿತ್ರವನ್ನು ಹಾಕಿದರೆ ಬಲ್ಲವರಿಗೆ ಸಾಕು. ಆದರೆ ಈ ನಾಲ್ಕು ಮಾತುಗಳಲ್ಲಿ ಒಂದಾದರೂ ಕಾರು ಎಷ್ಟು ವೇಗವಾಗಿ ಓಡುತ್ತದೆಂದು ತಿಳಿಸುವುದಿಲ್ಲ. ವೇಗವೊಂದಕ್ಕಾಗಿಯೇ ಹುಟ್ಟಿದ ವಾಹನವನ್ನು ಮಾರುವಾಗ ವೇಗದ ಪ್ರಸ್ತಾಪವೇ ಬಾರದಿರುವುದು ವಿಚಿತ್ರವಲ್ಲವೆ? ಹಾಗಾದರೆ ಅಲ್ಲಿ ಮಾರಾಟವಾಗುತ್ತಿರುವುದಾದರೂ ಏನು? ಈ ಪ್ರಶ್ನೆಯನ್ನು ಹಿಡಿದು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ನಿದರ್ಶನಕ್ಕೆ ೧೯೬೪ನೆಯ ಇಸವಿಯ ಪಾಂಟಿಯಾಕ್ ಜಿ.ಟಿ.ಓ. ಕಾರನ್ನು ತೆಗೆದುಕೊಳ್ಳೋಣ.

ಅಮೆರಿಕನ್ನರು ‘ಮಸಲ್ ಕಾರ್’ ಎಂದು ಕರೆಯುವ ಈ ಜಾತಿಯನ್ನು ಕನ್ನಡದಲ್ಲಿ ‘ಜಟ್ಟಿ ಕಾರು’ ಎನ್ನಬಹುದೆಂದು ನನಗೆ ತೋರುತ್ತದೆ. ಜಟ್ಟಿಗೆ ಬಲವುಂಟು, ಲಾಲಿತ್ಯವನ್ನು ಯಾರೂ ಅವನಿಂದ ನಿರೀಕ್ಷಿಸುವುದಿಲ್ಲ. ಸಂಸಾರಸ್ಥರಿಗೆಂದು ಮಾಡಿದ ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ಕಾರಿಗೆಂದು ಮಾಡಿದ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಕೈಗೂ ಎಟಕುವ ಬೆಲೆಗೆ ಮಾರಿದರೆ ಅದು ಜಟ್ಟಿ ಕಾರು. ತಿರುವುಗಳಲ್ಲಿ ಅದಕ್ಕೆ ನಯವಿಲ್ಲ. ನಿಲ್ಲುವ ವಿಷಯದಲ್ಲಂತೂ ಕೇಳುವುದೇ ಬೇಡ: ೧೯೬೪ರ ಜಿ.ಟಿ.ಓ.ಗೆ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಡಿಸ್ಕ್ ಬ್ರೇಕು ಬಂದದ್ದು ೧೯೬೭ರಲ್ಲಿ. ನೇರವಾದ ಬೀದಿಯಲ್ಲಿ ಒಂದು ದೀಪದ ಕಂಬದಿಂದ ಇನ್ನೊಂದು ಕಂಬದವರೆಗೆ ಪಕ್ಕದವನಿಗಿಂತ ಮೊದಲು ತಲಪುವುದೇ ಅದರ ಪರಮ ಪುರುಷಾರ್ಥ.

ಇದರ ಜನ್ಮವೃತ್ತಾಂತ ಸ್ವಾರಸ್ಯವಾದದ್ದು. ೧೯೬೩ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ವಿಭಾಗಗಳು ಯಾವುವೂ ಮೋಟಾರು ಪಂದ್ಯಗಳ ಗೊಡವೆಗೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿತು. ಪಂದ್ಯಗಳ ಗೆಲುವನ್ನೇ ತೋರಿಸಿ ತರುಣರಿಗೆ ಕಾರು ಮಾರುತ್ತಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದರಿಂದ ಕೈಕಟ್ಟಿದಂತಾಯಿತು. ಆಗ ಅಲ್ಲಿ ಮುಖ್ಯ ಎಂಜಿನಿಯರಾಗಿದ್ದವರು ಜಾನ್ ಡಿಲೋರಿಯನ್. ವಿಭಾಗದ ಟೆಂಪೆಸ್ಟ್ ಎಂಬ ಮಧ್ಯಮ ಕಾರಿಗೆ ಹಾಕುತ್ತಿದ್ದ ೩೨೬ ಘನ ಅಂಗುಲದ ಎಂಜಿನಿಗೂ ದೊಡ್ಡ ಕಾರುಗಳಿಗೆ ಹಾಕುತ್ತಿದ್ದ ೩೮೯ ಘನ ಅಂಗುಲದ ಎಂಜಿನಿಗೂ ಹೊರಗಿನ ಅಳತೆ ಒಂದೇ. ಹಾಗಾಗಿ ಒಂದನ್ನು ಎತ್ತಿ ಇನ್ನೊಂದನ್ನು ಇಡುವುದು ದೊಡ್ಡ ಕೆಲಸವೇನೂ ಅಲ್ಲವೆಂಬುದು ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳ ಕಣ್ಣಿಗೆ ಬಿತ್ತು. ಅಡ್ಡಿಯಾಗಿದ್ದುದು ಇನ್ನೊಂದು ನಿಯಮ: ಮಧ್ಯಮ ಗಾತ್ರದ ಕಾರಿಗೆ ೩೩೦ ಘನ ಅಂಗುಲಕ್ಕೆ ಮೀರಿದ ಎಂಜಿನು ಕೂಡದು. ಆದರೆ ಆ ನಿಯಮ ಹೊಸ ಮಾದರಿಗಳಿಗೆ ಅನ್ವಯಿಸುತ್ತಿತ್ತೇ ಹೊರತು ಗಿರಾಕಿ ಹೆಚ್ಚು ಹಣ ಕೊಟ್ಟು ಕೇಳಿ ಪಡೆಯುವ ಐಚ್ಛಿಕ ಸಲಕರಣೆಗಳಿಗೆ ಮೇಲಿನವರ ಒಪ್ಪಿಗೆ ಬೇಕಿರಲಿಲ್ಲ. ಸರಿ, ಜಿ.ಟಿ.ಓ. ಒಂದು ಕಾರಾಗಿ ಹುಟ್ಟಲಿಲ್ಲ; ಟೆಂಪೆಸ್ಟ್ ಲೆಮಾನ್ಸ್ ಕಾರಿನ ಮೇಲೆ ಸುಮಾರು ೨೯೬ ಡಾಲರು ತೆತ್ತು ಪಡೆಯಬಹುದಾದ ಸಲಕರಣೆಗಳ ಒಂದು ಕಟ್ಟಾಗಿ ಹುಟ್ಟಿತು. ಕಾಯಿದೆಯ ಎರಡು ಸಾಲುಗಳ ನಡುವಣ ಸಂದಿನಲ್ಲಿ ನುಸುಳಿ ಬಂದ ಶಿಶು ಇದು. ಐದು ಸಾವಿರ ಮಾರಾಟವಾದರೆ ಹೆಚ್ಚೆಂದುಕೊಂಡಿದ್ದರು. ಮೊದಲ ವರ್ಷವೇ ೩೨,೪೫೦ ಮಾರಾಟವಾದವು. ೧೯೬೬ರಲ್ಲಿ ಅದಕ್ಕೆ ಸ್ವತಂತ್ರ ಮಾದರಿಯ ಪಟ್ಟ ದೊರೆತು, ಆ ವರ್ಷ ತೊಂಬತ್ತಾರು ಸಾವಿರಕ್ಕೂ ಮಿಕ್ಕಿ ಹೋದವು. ನಿಯಮ ಮಾಡಿದವರು ಆಮೇಲೆ ಏನು ತಾನೆ ಹೇಳಿಯಾರು!

ಹೆಸರೂ ಎರವಿನದೇ. ಇಟಲಿಯ ಫೆರಾರಿಯವರು ೧೯೬೨ರಲ್ಲಿ ಹೊರತಂದ ಪಂದ್ಯದ ಕಾರಿನ ಹೆಸರು ಅದು. ಆ ಮೂರು ಅಕ್ಷರಗಳಿಗೆ, ಪಂದ್ಯಕ್ಕೆ ವಿಧ್ಯುಕ್ತವಾಗಿ ಅಂಗೀಕೃತವಾದ ವಾಹನವೆಂದು ಅರ್ಥ. ಪಂದ್ಯಕ್ಕೆ ಹೋಗಕೂಡದೆಂದು ಅಪ್ಪಣೆಯಾದ ಸಂಸ್ಥೆಯ ಕಾರಿಗೆ ಈ ಹೆಸರು! ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ೧೯೬೪ರ ಮಾರ್ಚ್ ಸಂಚಿಕೆಯಲ್ಲಿ ಎರಡು ಜಿ.ಟಿ.ಓ.ಗಳನ್ನೂ ಮುಖಾಮುಖಿಯಾಗಿ ನಿಲ್ಲಿಸಿ ಬರೆಯಿತು. ವಾಸ್ತವವಾಗಿ ಫೆರಾರಿ ಅವರ ಕೈಗೆ ಸಿಕ್ಕಿರಲೇ ಇಲ್ಲ. ಹೋಲಿಕೆ ನಡೆದದ್ದು ಕಾಗದದ ಮೇಲೆ. ಪಾಂಟಿಯಾಕ್ ಮಾತ್ರ ಗಂಟೆಗೆ ಅರವತ್ತು ಮೈಲಿಯ ವೇಗವನ್ನು ೪.೬ ಸೆಕೆಂಡುಗಳಲ್ಲಿ ಮುಟ್ಟಿತೆಂದು ಅಚ್ಚಾಯಿತು. ದೇಶದ ತರುಣರೆಲ್ಲ ಬೆರಗಾದರು. ಬಹಳ ವರ್ಷಗಳ ಮೇಲೆ, ಆ ಕಾರಿನ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ ಗುಟ್ಟನ್ನು ಹೊರಗೆಡವಿದರು: ಪತ್ರಿಕೆಯವರಿಗೆ ಕೊಟ್ಟ ಕಾರಿನಲ್ಲಿದ್ದದ್ದು ೩೮೯ರ ಎಂಜಿನಲ್ಲ, ಇನ್ನೂ ದೊಡ್ಡದಾದ ೪೨೧ರದು. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಈ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಇಂದು ಅದೇ ಕಾರನ್ನು ಕೊಳ್ಳಲು ಬರುವವನು ಮೊದಲು ಕೇಳುವ ಪ್ರಶ್ನೆ, ಎಂಜಿನು ಹುಟ್ಟಿದಂದಿನದೇ ಹೌದೆ ಎಂಬುದು. ಎಂಜಿನಿನ ಎರಕದಲ್ಲಿ ಮೂಡಿರುವ ದಿನಾಂಕ ಕಾರು ಸಿದ್ಧವಾದ ದಿನಕ್ಕಿಂತ ಕೆಲವು ವಾರ ಹಿಂದಿನದಾಗಿರಬೇಕು. ಮುಂದಿನದಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಗೇರುಪೆಟ್ಟಿಗೆ, ಹಿಂದಿನ ಆಕ್ಸಲು, ಕಾರ್ಬುರೇಟರು, ಕಿಟಕಿಯ ಗಾಜು, ಒಂದೊಂದರ ಮೇಲಿನ ಸಂಕೇತವನ್ನೂ ಮಂಡಿಯೂರಿ, ದೀಪ ಹಿಡಿದು ಓದುತ್ತಾರೆ. ಹಳೆಯ ಓಲೆಗರಿಗಳ ಮುಂದೆ ಕುಳಿತ ಗ್ರಂಥಸಂಪಾದಕನ ನೆನಪಾಗುತ್ತದೆ: ಯಾವುದು ಮೂಲ, ಯಾವುದು ಪ್ರಕ್ಷಿಪ್ತ?

ಪ್ರಕ್ಷಿಪ್ತಗಳಿಗೆ ಇಲ್ಲಿ ಬರವಿಲ್ಲ. ನಾನು ಆಗಲೇ ಹೇಳಿದಂತೆ ಮೊದಲ ಎರಡು ವರ್ಷ ಜಿ.ಟಿ.ಓ. ಎಂಬುದು ಲೆಮಾನ್ಸ್ ಕಾರಿಗೆ ಸೇರಿಸಿದ ಸಲಕರಣೆ ಮಾತ್ರ. ಆದ್ದರಿಂದ ೧೯೬೪ ಮತ್ತು ೧೯೬೫ರ ಕಾರುಗಳ ಮೈಮೇಲಿನ ಕ್ರಮಸಂಖ್ಯೆಯನ್ನು ನೋಡಿ ಅದು ಜಿ.ಟಿ.ಓ.ನೋ ಸಾದಾ ಲೆಮಾನ್ಸೋ ಎಂದು ಹೇಳಲಾಗುವುದಿಲ್ಲ. ಲಾಂಛನಗಳು ಅಂಗಡಿಯಲ್ಲಿ ಸಿಗುತ್ತವೆ. ಎಂಜಿನು ಇನ್ನೊಂದು ಕಾರಿನಿಂದ ಬರುತ್ತದೆ. ಹುಡ್ಡು, ಸೀಟಿನ ಹೊದಿಕೆ, ಚಕ್ರಗಳು ಎಲ್ಲವೂ ಹೊಸದಾಗಿ ತಯಾರಾಗುತ್ತವೆ. ಒಂದು ಚಳಿಗಾಲದೊಳಗೆ ಗುಮಾಸ್ತೆಯ ಕಾರು ಜಟ್ಟಿಯಾಗಿಬಿಡಬಲ್ಲದು. ಹಾಗೆ ಮಾಡಿದ್ದನ್ನು ಪ್ರತಿಕೃತಿಯೆಂದು ಬಾಯಿಬಿಟ್ಟು ಹೇಳಿ ಮಾರುವವರು ಸಜ್ಜನರು. ಓಡಿಸುವ ಸುಖದಲ್ಲಿ ಅದಕ್ಕೂ ಮೂಲಕ್ಕೂ ಎಳ್ಳಷ್ಟೂ ಭೇದವಿರಲಾರದು. ಹೇಳದೆ ಮಾರುವವರೂ ಇದ್ದಾರೆ. ಇಬ್ಬರನ್ನೂ ಬೇರ್ಪಡಿಸಿ ತೋರಿಸುವುದು ಒಂದು ಕಾಗದ. ಕಾರ್ಖಾನೆ ಪ್ರತಿಯೊಂದು ಕಾರಿಗೂ ಬರೆದಿಟ್ಟ ಬೀಜಕದ ನಕಲನ್ನು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಶುಲ್ಕ ಪಡೆದು ಒದಗಿಸುತ್ತದೆ. ಯಾರೋ ಗುಮಾಸ್ತ ಅವಸರದಲ್ಲಿ ದಾಖಲಿಸಿದ ಸಲಕರಣೆಯ ಒಂದು ಸಂಕೇತ ಅದರಲ್ಲಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಕಬ್ಬಿಣ ಅದೇ, ಸದ್ದು ಅದೇ.

ಇನ್ನು ಜೀರ್ಣೋದ್ಧಾರದ ಕೆಲಸ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಕಾರಿನ ತಳವನ್ನೂ ಹಿಂಬದಿಯ ಮಡ್ಗಾರ್ಡುಗಳ ಕೆಳ ಅಂಚನ್ನೂ ಡಿಕ್ಕಿಯ ನೆಲವನ್ನೂ ತಿಂದುಹಾಕುತ್ತದೆ. ಕೊಟ್ಟಿಗೆಯ ಮೂಲೆಯಿಂದ ಎಳೆದು ತಂದ ಇಂಥ ಕಾರಿನ ಮೈಯನ್ನು ಚೌಕಟ್ಟಿನಿಂದ ಎತ್ತಿ, ಉರುಳಿಸಬಲ್ಲ ಒಂದು ಸ್ಟ್ಯಾಂಡಿಗೆ ಬಿಗಿದು, ಬಣ್ಣವನ್ನೆಲ್ಲ ಕಿತ್ತು, ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ನೂರಾರು ಗಂಟೆಗಳ ಕೆಲಸ. ಬಲ್ಲ ಕಮ್ಮಾರನ ಕೈಚಳಕ ಇದರಲ್ಲಿದೆ; ಅದನ್ನು ಹಗುರವಾಗಿ ಕಾಣುವುದು ತರವಲ್ಲ. ನನಗೆ ಸೋಜಿಗವೆನಿಸುವುದು ಆಮೇಲಿನ ಹಂತ. ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತಿದ್ದ ಕಾರ್ಮಿಕರು ಬಿಗಿಯಾದ ಬೋಲ್ಟಿನ ಬಳಿ ಸೀಮೆಸುಣ್ಣದಿಂದ ಒಂದು ಗೀಟು ಹಾಕುತ್ತಿದ್ದರು. ಬಣ್ಣ ಸಿಂಪಡಿಸುವವನ ಕೈ ಓಡುವ ರಭಸಕ್ಕೆ ತಳಭಾಗದಲ್ಲಿ ಒಂದಷ್ಟು ಬಣ್ಣ ಅಡ್ಡಾದಿಡ್ಡಿ ಬೀಳುತ್ತಿತ್ತು. ಇಂದಿನ ನಿಷ್ಠಾವಂತ ಜೀರ್ಣೋದ್ಧಾರಕರು ಹಳೆಯ ಚಿತ್ರಗಳನ್ನು ಅಭ್ಯಾಸ ಮಾಡಿ ಆ ಸುಣ್ಣದ ಗೀಟುಗಳನ್ನು ಮತ್ತೆ ಎಳೆಯುತ್ತಾರೆ. ಚೆಲ್ಲಿದ ಬಣ್ಣವನ್ನು ಅಷ್ಟೇ ಅಳತೆಯಲ್ಲಿ ಮತ್ತೆ ಚೆಲ್ಲುತ್ತಾರೆ. ಒಬ್ಬನ ಅವಸರವನ್ನು ಇನ್ನೊಬ್ಬ ಸಾವಧಾನವಾಗಿ ನಕಲು ಮಾಡುವುದೆಂದರೆ ಇದೇ. ಆ ಅವಸರ ಯಾರ ಇಷ್ಟದಿಂದಲೂ ಬಂದದ್ದಲ್ಲ. ೧೯೬೪ರ ಶರತ್ಕಾಲದಲ್ಲಿ ಜನರಲ್ ಮೋಟಾರ್ಸಿನ ಕಾರ್ಮಿಕರು ದೇಶದಾದ್ಯಂತ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದು ಕೂಲಿಗಿಂತ ಹೆಚ್ಚಾಗಿ ಕೆಲಸದ ಪರಿಸ್ಥಿತಿ. ಹರಾಜಿನ ವೇದಿಕೆಯ ಮೇಲೆ ದೀಪಗಳ ನಡುವೆ ತಿರುಗುವ ಕಾರಿನ ಹೊಟ್ಟೆಯಡಿಯಲ್ಲಿ ಆ ಹೆಸರಿಲ್ಲದವನ ಗೀಟು ಅಲಂಕಾರವಾಗಿ ಉಳಿದುಕೊಂಡಿದೆ.

ಜಟ್ಟಿಗಳ ಅಖಾಡ ಹೆಚ್ಚು ಕಾಲ ನಡೆಯಲಿಲ್ಲ. ಇಪ್ಪತ್ತೈದು ದಾಟದ ಹುಡುಗರಿಗೆ ವಿಮಾ ಕಂಪನಿಗಳು ವಿಪರೀತ ಕಂತು ಕಟ್ಟಿಸತೊಡಗಿದವು. ೧೯೭೦ರ ವಾಯುಶುದ್ಧಿಯ ಕಾನೂನು ಬಂತು. ೧೯೭೧ರಲ್ಲಿ ಜನರಲ್ ಮೋಟಾರ್ಸ್ ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಲೆಂದು ಎಂಜಿನುಗಳ ಒತ್ತಡದ ಪ್ರಮಾಣವನ್ನು ಇಳಿಸಿತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿದವು. ಆ ಪರಂಪರೆಯ ಕೊನೆಯ ಜಿ.ಟಿ.ಓ. ೧೯೭೪ರದು. ಪಾಂಟಿಯಾಕ್ ಎಂಬ ಹೆಸರೇ ೨೦೧೦ರಲ್ಲಿ ಕಣ್ಮರೆಯಾಯಿತು.

ಉಳಿದವುಗಳ ಬೆಲೆ ಮಾತ್ರ ಏರಿತು, ಅದೂ ಅವುಗಳ ವಿರಳತೆಯನ್ನು ಅನುಸರಿಸಿ. ಕ್ರೈಸ್ಲರ್ ಕಂಪನಿಯ ಪ್ಲಿಮತ್ ವಿಭಾಗ ೧೯೭೧ರಲ್ಲಿ ೪೨೬ ಘನ ಅಂಗುಲದ ಹೆಮಿ ಎಂಜಿನು ಹಾಕಿ, ಮಡಚುವ ಮುಚ್ಚಿಗೆಯಿಟ್ಟು ಮಾಡಿದ ಕೂಡಾ ಕಾರುಗಳು ಒಟ್ಟು ಹನ್ನೊಂದು. ಅಂದು ಗಿರಾಕಿಗಳು ಅವನ್ನು ಬೇಡವೆಂದದ್ದರಿಂದಲೇ ಸಂಖ್ಯೆ ಅಷ್ಟು ಸಣ್ಣದು. ಅವುಗಳಲ್ಲೊಂದು ೨೦೧೪ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ ೩೫ ಲಕ್ಷ ಡಾಲರಿಗೆ ಹೋಯಿತು. ಇನ್ನೊಂದು ಉದಾಹರಣೆ ಇದಕ್ಕಿಂತ ಮನನೀಯ. ‘ಬುಲಿಟ್’ ಎಂಬ ೧೯೬೮ರ ಚಲನಚಿತ್ರದಲ್ಲಿ ಸ್ಟೀವ್ ಮಕ್ವೀನ್ ಓಡಿಸಿದ ಹಸಿರು ಬಣ್ಣದ ಫೋರ್ಡ್ ಮುಸ್ಟಾಂಗ್ ಕಾರನ್ನು ೧೯೭೪ರಲ್ಲಿ ಒಂದು ಸಾಧಾರಣ ಸಂಸಾರ ಆರು ಸಾವಿರ ಡಾಲರಿಗೆ ಕೊಂಡು ಮನೆಬಳಕೆಗೆ ಇಟ್ಟುಕೊಂಡಿತ್ತು. ೧೯೭೭ರಲ್ಲಿ ಮಕ್ವೀನ್ ತಾವೇ ಪತ್ರ ಬರೆದು ಕೇಳಿದರೂ ಅವರು ಕೊಡಲಿಲ್ಲ. ೨೦೨೦ರ ಜನವರಿ ೧೦ರಂದು ಫ್ಲಾರಿಡಾದ ಕಿಸ್ಸಿಮ್ಮಿಯಲ್ಲಿ ಅದು ಹರಾಜಿಗೆ ಬಂದಾಗ ಬಣ್ಣ ಮಾಸಿತ್ತು, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಯಾರೂ ಅದನ್ನು ಹೊಸದು ಮಾಡಿರಲಿಲ್ಲ. ಕೊಳ್ಳುವವನ ಶುಲ್ಕವೂ ಸೇರಿ ೩೭.೪ ಲಕ್ಷ ಡಾಲರಿಗೆ ಮಾರಾಟವಾಯಿತು. ಸುಣ್ಣದ ಗೀಟುಗಳನ್ನು ಮತ್ತೆ ಎಳೆಯುವ ಪಂಡಿತರಿಗೆ ಆ ಮಾಸಿದ ಬಣ್ಣ ಕೊಟ್ಟ ಉತ್ತರವೆಂದು ನಾನು ಇದನ್ನು ತಿಳಿಯುತ್ತೇನೆ. ಚಲನಚಿತ್ರದ ಕೀರ್ತಿ ಆ ಬೆಲೆಯಲ್ಲಿ ದೊಡ್ಡ ಪಾಲನ್ನು ಕೊಟ್ಟಿತೆಂಬುದು ನಿಜ. ಆದರೂ ಅದಕ್ಕೆ ಹೊಸ ಬಣ್ಣ ಬಳಿದಿದ್ದರೆ ಜನ ಅಷ್ಟು ಹತ್ತಿರ ನಿಂತು ಅಷ್ಟು ಹೊತ್ತು ನೋಡುತ್ತಿದ್ದರೆ ಎಂಬುದು ಅನುಮಾನ.

ನಮ್ಮ ಜಿ.ಟಿ.ಓ.ಗೆ ಮರಳೋಣ. ಸಂಖ್ಯೆಗಳು ತಾಳೆಯಾದವು, ಬೀಜಕ ಸಿಕ್ಕಿತು, ಮೂರು ಕಾರ್ಬುರೇಟರುಗಳೂ ಅಂದಿನವೇ, ೩೪೮ ಅಶ್ವಶಕ್ತಿಯೂ ಕಾಗದದ ಮೇಲೆ ಉಳಿದಿದೆ ಎಂದುಕೊಳ್ಳೋಣ. ಅದು ಕುಡಿಯುತ್ತಿದ್ದ ಸೀಸ ಬೆರೆತ ಪೆಟ್ರೋಲನ್ನು ಅಮೆರಿಕದಲ್ಲಿ ರಸ್ತೆಯ ವಾಹನಗಳಿಗೆ ಮಾರುವುದು ೧೯೯೬ರಿಂದ ನಿಷಿದ್ಧ. ಆದುದರಿಂದ ಬಹುಮಂದಿ ಮಾಲೀಕರು ಎಂಜಿನನ್ನು ಬಿಚ್ಚಿ ವಾಲ್ವುಗಳ ಕೆಳಗೆ ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸುತ್ತಾರೆ. ಹೊರಗಿನಿಂದ ಅದು ಕಾಣುವುದಿಲ್ಲ. ಮಂಡಿಯೂರಿ ಓದುವವರ ದೀಪಕ್ಕೂ ಸಿಗುವುದಿಲ್ಲ. ಎಂಜಿನನ್ನು ಮುಟ್ಟಲೊಲ್ಲದ ಇನ್ನು ಕೆಲವರು ಕಾರನ್ನು ಓಡಿಸುವುದನ್ನೇ ಬಿಟ್ಟಿದ್ದಾರೆ. ಹರಾಜು ಮುಗಿದ ಮೇಲೆ ಅದನ್ನು ಮುಚ್ಚಿದ ಟ್ರೈಲರಿಗೆ ಹತ್ತಿಸಿ, ಪಟ್ಟಿಗಳಿಂದ ನಾಲ್ಕು ಕಡೆ ಬಿಗಿದು, ಒಂದು ಡೀಸೆಲ್ ಲಾರಿಯ ಹಿಂದೆ ಕಟ್ಟಿ ಮನೆಗೆ ಒಯ್ಯುತ್ತಾರೆ.