ಪ್ರೌಢಶಾಲೆಯ ವೃತ್ತಪತ್ರಿಕೆ ಮತ್ತು ವಿದ್ಯಾರ್ಥಿಗಳು



ಶಾಲೆಯ ಪತ್ರಿಕೆಯೆಂದೊಡನೆ ವಾರ್ಷಿಕೋತ್ಸವದ ವರದಿ, ಆಟಗಳ ಫಲಿತಾಂಶ, ಹೊಸ ಉಪಾಧ್ಯಾಯರಿಗೆ ಸ್ವಾಗತ, ಇವಿಷ್ಟೇ ನಮ್ಮ ಮನಸ್ಸಿಗೆ ತೋರುವುದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನೇಕ ಪ್ರೌಢಶಾಲೆಗಳಲ್ಲಾದರೋ ಪತ್ರಿಕಾವ್ಯವಸಾಯವು ಗಣಿತ ಚರಿತ್ರೆಗಳಂತೆ ತರಗತಿಯಲ್ಲಿ ಕಲಿಸತಕ್ಕ ವಿಷಯವಾಗಿದೆ. ಸುದ್ದಿಯನ್ನು ಅರಸಿ ತರುವವರೂ, ಬರೆದು ತಿದ್ದುವವರೂ ವಿದ್ಯಾರ್ಥಿಗಳೇ. ಆದರೆ ಬರೆಯುವ ಕೈ ಅವರದಾದರೆ ಅಳಿಸುವ ಕೈ ಯಾರದು?

1983ರ ಮೇ ತಿಂಗಳಲ್ಲಿ ಮಿಸ್ಸೂರಿ ಸಂಸ್ಥಾನದ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ‘ಸ್ಪೆಕ್ಟ್ರಂ’ ಪತ್ರಿಕೆಯಿಂದ ಮುಖ್ಯೋಪಾಧ್ಯಾಯರು ಎರಡು ಪುಟಗಳನ್ನು ತೆಗೆಯಿಸಿದರು. ಗರ್ಭವತಿಯರಾದ ವಿದ್ಯಾರ್ಥಿನಿಯರ ಅನುಭವ, ತಂದೆತಾಯಿಗಳ ವಿವಾಹವಿಚ್ಛೇದನ, ಇವು ಆ ಪುಟಗಳಲ್ಲಿದ್ದ ವಿಷಯಗಳು. ಹೆಸರನ್ನು ಮರೆಸಿದ್ದರೂ ಆ ಹುಡುಗಿಯರ ಗುರುತು ಸಿಕ್ಕೀತೆಂದೂ, ಲೇಖನದಲ್ಲಿ ದೂಷಿತನಾದ ತಂದೆಗೆ ಉತ್ತರ ಹೇಳಲು ಅವಕಾಶ ದೊರೆತಿಲ್ಲವೆಂದೂ ಅವರ ಆಕ್ಷೇಪ. ಎರಡನೆಯ ಮಾತು ನ್ಯಾಯವಾದುದೆಂದೇ ನನ್ನ ಎಣಿಕೆ. ಆದರೆ ಅದಕ್ಕೆ ಪರಿಹಾರವು ಆ ತಂದೆಯನ್ನು ಕೇಳಿ ಬಾರೆಂದು ವಿದ್ಯಾರ್ಥಿಯನ್ನು ಕಳುಹಿಸುವುದೇ ಹೊರತು ಪುಟವನ್ನು ಹಾರಿಸುವುದಲ್ಲ. 1988ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಶಾಲೆಯ ಪಕ್ಷವನ್ನೂ ಮೂವರು ವಿದ್ಯಾರ್ಥಿಗಳ ಪಕ್ಷವನ್ನೂ ಹಿಡಿದರು. ಶಿಕ್ಷಣಕ್ಕೆ ಸಂಬಂಧಿಸಿದ ಯುಕ್ತ ಕಾರಣವಿದ್ದರೆ ಶಾಲೆಯು ಇಂತಹ ಪತ್ರಿಕೆಯನ್ನು ಹತೋಟಿಯಲ್ಲಿಡಬಹುದೆಂದು ತೀರ್ಪಾಯಿತು.

ಈ ತೀರ್ಪಿಗೆ ಕೆಲವು ಸಂಸ್ಥಾನಗಳು ಶಾಸನದಿಂದಲೇ ಉತ್ತರಕೊಟ್ಟವು. ಕಾನ್ಸಸ್ ಸಂಸ್ಥಾನವು 1992ರಲ್ಲಿ, ವಿಷಯವು ವಿವಾದಾಸ್ಪದವೆಂಬ ಒಂದೇ ಕಾರಣದಿಂದ ವಿದ್ಯಾರ್ಥಿಗಳ ಬರಹವನ್ನು ಅಡಗಿಸಕೂಡದೆಂದು ವಿಧಿಸಿತು.

ಅದರ ಫಲವು ಕಾಲು ಶತಮಾನದ ಮೇಲೆ ಕಂಡಿತು. 2017ರಲ್ಲಿ ಅಲ್ಲಿಯ ಪಿಟ್ಸ್‌ಬರ್ಗ್ ಪ್ರೌಢಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿಯನ್ನು ಆರಿಸಲಾಗಿತ್ತು. ಆಕೆಯ ಪರಿಚಯವನ್ನು ಬರೆಯಹೊರಟ ‘ಬೂಸ್ಟರ್ ರೀಡಕ್ಸ್’ ಪತ್ರಿಕೆಯ ವಿದ್ಯಾರ್ಥಿಗಳು, ಪದವಿಗಳನ್ನು ಕೊಟ್ಟಿತೆನ್ನಲಾದ ಕಾರ್ಲಿನ್ಸ್ ವಿಶ್ವವಿದ್ಯಾನಿಲಯವನ್ನು ಹುಡುಕಿದರು. ಅದಕ್ಕೆ ಮಾನ್ಯತೆಯೇ ಇರಲಿಲ್ಲ. ಅವರು ಆಕೆಯನ್ನೂ ನೇರವಾಗಿ ಪ್ರಶ್ನಿಸಿದರು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಅವರ ಉಪಾಧ್ಯಾಯಿನಿಯು ಆಯ್ಕೆಯ ಸಮಿತಿಯಲ್ಲಿದ್ದವರಾದುದರಿಂದ ಈ ಬರಹದ ಮೇಲ್ವಿಚಾರಣೆಯಿಂದ ತಾವಾಗಿ ದೂರ ಸರಿದರು. ದೊಡ್ಡ ಪತ್ರಿಕಾಲಯಗಳಲ್ಲಿಯೂ ಇಂತಹ ಎಚ್ಚರಿಕೆ ವಿರಳವೆಂದು ಹೇಳಿದರೆ ತಪ್ಪಾಗಲಾರದು.

ಲೇಖನವು ಮಾರ್ಚ್ 31ರಂದು ಪ್ರಕಟವಾಯಿತು. ಆರು ಮಂದಿ ವಿದ್ಯಾರ್ಥಿಗಳು ವಾರಗಟ್ಟಲೆ ದುಡಿದು ಬರೆದ ಲೇಖನವದು. ಏಪ್ರಿಲ್ 4ರಂದು ಹೊಸ ಮುಖ್ಯೋಪಾಧ್ಯಾಯಿನಿ ರಾಜೀನಾಮೆಯನ್ನು ಕೊಟ್ಟರು. ಆಕೆಯನ್ನು ಆರಿಸಿದ್ದ ಹಿರಿಯರು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಆ ಬಾಲಕಬಾಲಿಕೆಯರು ಕೇಳಿದ್ದರು.